ಬೀಗ ಹಾಕಿದಿರಾ, ಹಾಲು ಮುಚ್ಚಿದಿರಾ

ಜೂನ್ 11, ಮಂಗಳವಾರ

…ಅಲ್ಲದೆ ಮತ್ತೇನು? ಟ್ಯೂನ್ ಮೊದಲು, ಮಾತು ಆಮೇಲೆ. ರವಿಕೆ ಹೊಲಿದಿಟ್ಟು ಹೆಣ್ಣು ಹುಡುಕಿದ ಹಾಗೆ ಎಂದು ಹೊರಗಿನವರು ನಗುತ್ತಾರೆ. ನಗಲಿ. ನಲವತ್ತು ವರ್ಷ ನಾನು ಹುಡುಕಿ ತಂದ ಹೆಣ್ಣುಗಳಿಗೆಲ್ಲ ರವಿಕೆ ಸರಿಯಾಗಿಯೇ ಕೂತಿದೆ. ನಿನ್ನೆ ಇದನ್ನೇ ಬರೆಯುತ್ತಿದ್ದೆ, ಕೈ ನೋಯಿತು, ಬಿಟ್ಟೆ.

ವಿಷಯ ಏನೆಂದರೆ ರೇವಂತ್ ಎಂಬ ಹುಡುಗ ಟ್ಯೂನ್ ಕೊಟ್ಟು ಹೋಗಿದ್ದಾನೆ. ಸಂಗೀತ ನಿರ್ದೇಶಕ. ಮೂವತ್ತು ತುಂಬಿರಲಾರದು, ಕಿವಿಯಲ್ಲಿ ಒಂದು ಕಡ್ಡಿ. ಸಿನಿಮಾದವರು ನಮ್ಮ ಮನೆ ಬೆಲ್ ಒತ್ತಿ ಎಷ್ಟು ವರ್ಷವಾಯಿತೋ. ಜಯನಗರ ಏಳನೇ ಬ್ಲಾಕಿನಲ್ಲಿ ಗುರುಶಾಂತಪ್ಪ ಎಂಬ ಗೀತರಚನೆಕಾರ ಇನ್ನೂ ಇದ್ದಾನೆ ಎಂದು ಅವನಿಗೆ ಯಾರು ಹೇಳಿದರೋ.

"ಸಿಚುಯೇಷನ್ ಸಿಂಪಲ್ ಸಾರ್. ಹುಡುಗ ಹುಡುಗಿ ಬಿಟಿಎಂನಲ್ಲಿ ಒಂದೇ ಫ್ಲ್ಯಾಟಲ್ಲಿ ಇರ್ತಾರೆ. ಬ್ರೇಕಪ್ ಆಗುತ್ತೆ. ಅವಳು ಹೊರಟೋಗ್ತಾಳೆ. ಇವನು ಒಬ್ನೇ."

"ಮದುವೆ ಆಗಿತ್ತೇನಪ್ಪ?"

"ಇಲ್ಲ ಸಾರ್."

"ಮತ್ತೆ ಅವಳು ಹೋಗೋದು ಎಲ್ಲಿಗೆ? ತೌರಿಗೂ ಅಲ್ಲ."

"ಎಚ್‌ಎಸ್‌ಆರ್ ಲೇಔಟ್‌ಗೆ ಸಾರ್."

ನಗಲಿಲ್ಲ ಅವನು. ಗಂಭೀರವಾಗಿಯೇ ಹೇಳಿದ.

ಟ್ಯೂನ್ ಮಾತ್ರ ಚೆನ್ನಾಗಿದೆ. ಮೂರು ಮೂರು ಮಾತ್ರೆಯ ನಡೆ, ಕೊನೆಯಲ್ಲಿ ಒಂದು ಸಣ್ಣ ಎಳೆತ, ಯಾರೋ ಹೊಸಲಲ್ಲಿ ನಿಂತು ತಿರುಗಿ ನೋಡಿದ ಹಾಗೆ. ಇದು ನನ್ನ ಕೊನೆಯ ಹಾಡು ಎಂದು ನನಗೂ ಗೊತ್ತು, ಅವನಿಗೂ ಗೊತ್ತಿರಬೇಕು. ಕೊನೆಯದು ಕಳಪೆಯಾಗಬಾರದು. ಇಷ್ಟೇ ನನ್ನ ಆಸೆ.

ನನ್ನ ಕ್ರಮ ಹೀಗೆ. ಟ್ಯೂನ್ ಕೇಳುತ್ತಾ ಮೊದಲು ಡಮ್ಮಿ ಸಾಲು ಕೂರಿಸುತ್ತೇನೆ. ಅರ್ಥ ಬೇಡ, ಅಳತೆ ಸರಿಯಿದ್ದರೆ ಸಾಕು. ಕೆಲವರು ತನನ ಎನ್ನುತ್ತಾರೆ, ಕೆಲವರು ಲಾಲಾಲಾ. ನನಗೆ ಮಾತೇ ಬೇಕು, ಮನೆಯಲ್ಲಿ ಕಿವಿಗೆ ಬಿದ್ದ ಯಾವುದೋ ಮಾತು. ಆಮೇಲೆ ಅದೇ ಅಳತೆಗೆ ನಿಜವಾದ ಸಾಲು ಬರೆದು ಡಮ್ಮಿಯನ್ನು ಬಿಸಾಡುವುದು, ತಾರಸಿ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಹಲಗೆ ಬಿಚ್ಚಿದ ಹಾಗೆ. "ಮುಗಿಲ ಮಂಟಪಕೆ ಮಿಂಚೇ ತೋರಣ" ಎಂದು ಊರೆಲ್ಲ ಹಾಡಿತಲ್ಲ, ಅದರ ಹಲಗೆ "ಒಗೆದ ಬಟ್ಟೆಗಳು ನೆಂದೇ ಹೋದವು". ಇದು ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಇಲ್ಲ.

ಮಹಡಿ ಮೇಲಿನ ಬಾಡಿಗೆಯ ಶಾಂತಾದೇವಿ ಸಂಜೆ ಕಿಟಕಿಯ ಹತ್ತಿರ ಬಂದು, "ಕರೆಂಟ್ ಹೋಗಿದ್ಯಾ ಸಾರ್ ನಿಮ್ಮಲ್ಲಿ? ಮೇಲೆ ಇದೆ" ಎಂದರು. ಇದೆ ಎಂದೆ. ಇಲ್ಲದ ಉಸಾಬರಿ.

ಜೂನ್ 14

ಡಮ್ಮಿ ಕೂತಿತು, ಹತ್ತು ನಿಮಿಷವೂ ಹಿಡಿಯಲಿಲ್ಲ. ನಿಜವಾದ ಸಾಲೇ ಬರುತ್ತಿಲ್ಲ.

ಚಂದ್ರನನ್ನು ಕರೆದೆ, ಬಂದ. ನದಿಯನ್ನು ಕರೆದೆ, ಬಂತು. ಎಲ್ಲ ಹಳೆಯ ಆಳುಗಳು, ಕರೆದರೆ ಬರುತ್ತವೆ, ಕೈಕಟ್ಟಿ ನಿಲ್ಲುತ್ತವೆ, ಕೆಲಸ ಮಾಡುವುದಿಲ್ಲ. ಕವಿ ಅತ್ತರೆ ಚಂದ್ರನೂ ಅಳುವುದಕ್ಕೆ ಕಾಲೇಜಿನಲ್ಲಿ ಒಂದು ಹೆಸರು ಹೇಳಿಕೊಟ್ಟಿದ್ದರು. ಪ್ಯಾಥೆಟಿಕ್ ಫ್ಯಾಲಸಿಯೋ ಸಿಂಪಥೆಟಿಕ್ ಫ್ಯಾಲಸಿಯೋ. ಪರೀಕ್ಷೆಯಲ್ಲಿ ಬಂದಿತ್ತು, ಐದು ಮಾರ್ಕು. ಅದು ತಪ್ಪು ಎಂದರೋ ಗುಣ ಎಂದರೋ ಈಗ ನೆನಪಿಲ್ಲ. ತಪ್ಪೇ ಆಗಿದ್ದರೆ ನಾನು ಇಡೀ ಜೀವನ ತಪ್ಪನ್ನೇ ಮಾರಿದೆ, ಜನ ಕೊಂಡರು, ಶಾಲು ಹೊದಿಸಿದರು.

ಸಂಜೀವಯ್ಯ ಬಂದಿದ್ದ. ಬ್ಯಾಂಕಿನಿಂದ ರಿಟೈರಾದ ಮೇಲೆ ಅವನಿಗೆ ನಾನೇ ಉದ್ಯೋಗ. ಬನಶಂಕರಿಯಲ್ಲಿ ಅವನ ಸಂಘದಿಂದ ನನಗೆ ಸನ್ಮಾನವಂತೆ, 'ಮುಗಿಲ ಕವಿಗೆ ನಮನ'.

"ಕೊನೇಲಿ ಹೊಸ ಹಾಡಿನ ನಾಲ್ಕು ಲೈನ್ ಹೇಳ್ಬಿಡು ಗುರುಶಾಂತ. ಸಸ್ಪೆನ್ಸ್ ಇರ್ಲಿ. ಹಾಲ್ ಎದ್ ನಿಲ್ಬೇಕು."

"ಮೊಣಕಾಲ್ ನೋವಿನ ಜನ, ಏಳಲ್ಲಪ್ಪ."

"ನಿನ್ನ ಹಾಡಿಗೆ ಏಳ್ತಾರೆ ಕಣೋ. ನಾನು ಏಳಿಸ್ತೀನಿ."

ನನ್ನವಳು ಹೋಗಿ ಎರಡು ವರ್ಷ ಆಗುತ್ತಾ ಬಂತು. ಮುಖ ಫೋಟೋದಲ್ಲಿದೆ. ದನಿ ಎಲ್ಲೂ ಇಲ್ಲ. ಫೋನಿನಲ್ಲಿ ಹುಡುಕಿದೆ. ವಾಯ್ಸ್ ಮೆಸೇಜ್ ಎಂದರೆ ಅವಳಿಗೆ ನಾಚಿಕೆ, ಒಂದನ್ನೂ ಕಳಿಸಿದವಳಲ್ಲ. ನೆನಪು ಮಾಡಿಕೊಳ್ಳಲು ಹೋದರೆ ನನ್ನದೇ ದನಿ ಕೇಳುತ್ತದೆ. ಇದನ್ನು ಯಾಕೆ ಬರೆದೆನೋ. ಹಾಡಿನ ವಿಷಯ ಬರೆಯಬೇಕಿತ್ತು.

ಜೂನ್ 17

ಕಳಿಸಿಬಿಟ್ಟೆ. ಪಲ್ಲವಿ ಹೀಗೆ ಬಂತು:

ದೂರ ತೀರದಲಿ, ನೀಲಿ ಮೌನದಲಿ
ಯಾವ ತಾರೆ ಕರೆಯಿತೇನೊ, ಇರುಳಾಯಿತು

ಕೆಟ್ಟದ್ದೇನಲ್ಲ. ಫೋನಿನಲ್ಲಿ ಹಾಡಿಟ್ಟುಕೊಂಡು ವಾಟ್ಸಪ್ಪಿನಲ್ಲಿ ಕಳಿಸಿದೆ. ಒಂದು ಗಂಟೆಯಲ್ಲಿ ರೇವಂತನ ಫೋನ್. ಹುಡುಗನಿಗೆ ಉಸಿರು ಸಿಗುತ್ತಿಲ್ಲ.

"ಸಾರ್, ಏನ್ ಸಾರ್ ಇದು! ಸಖತ್! ಮೂರು ಸಲ ಕೇಳ್ದೆ. ನಮ್ ಡೈರೆಕ್ಟರ್ ಶ್ರೀಕರ್ ಕಣ್ಣೊರೆಸ್ಕೋತಿದಾರೆ. ಎಲ್ಲರೂ ಚಂದ್ರ ಗಿಂದ್ರ ಬರೀತಾರೆ, ನೀವು ಈ ವಯಸ್ಸಲ್ಲಿ ಇಷ್ಟು ಫ್ರೆಶ್ಶಾಗಿ…"

ನನಗೂ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

"ತಾರೆ ಕರೆಯಿತೇನೊ ಅನ್ನೋ ಕಡೆ ಎಳೆತ ಸರಿಯಾಯ್ತಾ?" ಎಂದೆ.

"ಯಾವ ತಾರೆ ಸಾರ್? ಬೀಗ ಹಾಕಿದಿರಾ, ಹಾಲು ಮುಚ್ಚಿದಿರಾ!"

ಕಳಿಸಿದ್ದನ್ನು ತೆಗೆದು ನೋಡಿದೆ. ಫೋನಿನಲ್ಲಿ ಎರಡು ರೆಕಾರ್ಡಿಂಗೂ ಇದ್ದವು, ಒಂದರ ಕೆಳಗೆ ಒಂದು. ಕನ್ನಡಕ ಹಣೆಯ ಮೇಲೆ. ನಾನು ಕಳಿಸಿದ್ದು ಡಮ್ಮಿಯನ್ನು.

ಬೀಗ ಹಾಕಿದಿರಾ, ಹಾಲು ಮುಚ್ಚಿದಿರಾ
ಇಷ್ಟು ದೂರ ಬಂದಮೇಲೆ ನೆನಪಾಯಿತಾ

ಕಾರಣ ಹೇಳಿ ನಿಜವಾದದ್ದನ್ನು ಕಳಿಸಿದೆ. ಅರ್ಧ ಗಂಟೆ ಸುದ್ದಿಯಿಲ್ಲ. ಆಮೇಲೆ ಮೆಲ್ಲಗೆ, "ಇದೂ ಚೆನ್ನಾಗಿದೆ ಸಾರ್" ಎಂದ. ಆ 'ಇದೂ' ಎಂಬುದರ ಅರ್ಥ ನಲವತ್ತು ವರ್ಷದಿಂದ ನನಗೆ ಗೊತ್ತು.

ಜೂನ್ 18

ಆಗುವುದಿಲ್ಲ ಎಂದೆ. ಹಲಗೆಯನ್ನು ತೋರಿಸಿ ತಾರಸಿ ಎನ್ನಲು ನನ್ನಿಂದಾಗದು. ಅದಕ್ಕೆ ನನ್ನ ಹೆಸರು ಹಾಕಿದರೆ ಓದಿದವರು ಏನೆನ್ನುತ್ತಾರೆ? ಮುದುಕನಿಗೆ ಅರಳುಮರಳು, ಹಾಲಿನ ಪಾತ್ರೆಯ ಮೇಲೆ ಹಾಡು ಬರೆದ ಎನ್ನುತ್ತಾರೆ.

ರೇವಂತ್ ಭಾನುವಾರ ಕಳೆಯುವವರೆಗೆ ಯೋಚಿಸಿ ಎಂದ. ನೀಲಿ ಮೌನ ಅವರಿಗೆ ಬೇಡ. ಹಾಲು ಮುಚ್ಚಿದ್ದೇ ಬೇಕು. ಒಪ್ಪದಿದ್ದರೆ ಬೇರೆ ಯಾರ ಹತ್ತಿರವಾದರೂ ಬರೆಸುತ್ತಾರೆ. ಬರೆಸಲಿ.

ಜೂನ್ 23, ಭಾನುವಾರ

ಸನ್ಮಾನ ಆಯಿತು. ಪೇಟ ಬಿಗಿಯಾಗಿತ್ತು, ಹಣೆಯ ಮೇಲೆ ಇನ್ನೂ ಗೆರೆ ಇದೆ.

ಸಂಜೀವಯ್ಯ ಮೈಕಿನಲ್ಲಿ ನನ್ನನ್ನು ಮುಗಿಲಿಗೇರಿಸಿದ. ಇಂಥ ಭಾಷೆ ಇಂಥ ಕಲ್ಪನೆ ಇನ್ನು ಹುಟ್ಟುವುದಿಲ್ಲ ಎಂದ. ಆಮೇಲೆ ಇಬ್ಬರು ಹೆಣ್ಣುಮಕ್ಕಳು "ಮುಗಿಲ ಮಂಟಪಕೆ" ಹಾಡಿದರು. ಸಭೆಯ ಅರ್ಧ ಜನ ಜೊತೆಗೂಡಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವರು ಮಿಂಚೇ ತೋರಣ ಎಂದಾಗ ನನ್ನ ಕಿವಿಯಲ್ಲಿ ನೆಂದೇ ಹೋದವು, ನೆಂದೇ ಹೋದವು.

ಆ ಮಧ್ಯಾಹ್ನ ಇದ್ದಕ್ಕಿದ್ದಂತೆ ಪೂರ್ತಿ ಕಣ್ಣ ಮುಂದೆ ಬಂತು. ವಿಲ್ಸನ್ ಗಾರ್ಡನ್ನಿನ ಬಾಡಿಗೆ ಮನೆ. ಮಗಳು ಶಿಲ್ಪಶ್ರೀ ಆಗ ಕೈಕೂಸು, ಮಳೆ ಬಂದು ಲಂಗೋಟಿಗಳೆಲ್ಲ ನೆನೆದುಹೋಗಿದ್ದವು. ನಾನು ಕಿಟಕಿಯಲ್ಲೇ ಕೂತಿದ್ದರೂ ಮಳೆ ಬಂದದ್ದನ್ನು ನೋಡಿರಲಿಲ್ಲ, ಮೋಡಕ್ಕೆ ಹೋಲಿಕೆ ಹುಡುಕುತ್ತಿದ್ದೆ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಬಕೆಟ್ಟು, ಅವಳು ಬಾಗಿಲಲ್ಲಿ ನಿಂತು ಅದನ್ನು ಅಂದಳು. ಬೈಗುಳದ ಹಾಗಲ್ಲ, ಸುದ್ದಿ ಹೇಳಿದ ಹಾಗೆ.

ನನಗೆ ನಗು ಬಂತು, ವೇದಿಕೆಯ ಮೇಲೆಯೇ. ತಡೆಯಲು ಹೋಗಿ ಕಣ್ಣಲ್ಲಿ ನೀರು. ಸಂಜೀವಯ್ಯ ಮೈಕ್ ಹಿಡಿದು, "ನೋಡಿ, ಕವಿ ಭಾವುಕರಾಗಿದ್ದಾರೆ" ಎಂದ. ಜೋರು ಚಪ್ಪಾಳೆ. ಮೊಣಕಾಲು ನೋವಿನವರೂ ಎದ್ದರು.

ಹೊಸ ಹಾಡಿನ ನಾಲ್ಕು ಸಾಲು ಹೇಳು ಎಂದು ಮೈಕ್ ಕೊಟ್ಟ. ನೀಲಿ ಮೌನ ಬಾಯಿಯ ತನಕ ಬಂತು. ಹೇಳಲಾಗಲಿಲ್ಲ. ಗಂಟಲು ಸರಿಯಿಲ್ಲ ಎಂದೆ.

ಜೂನ್ 25

ಶಿಲ್ಪಶ್ರೀ ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಬಂದಿದ್ದಳು. ಕತ್ರಿಗುಪ್ಪೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ನಡುಮನೆ, ರೂಮು, ದೇವರಮನೆ ಎಂದು ಲೈಟು ಹಾಕುತ್ತಾ ಹೋದಳು. ಕರೆಂಟಿನ ಮೇಲೆ ಇವಳಿಗೆ ಅದೇನು ಪ್ರೀತಿಯೋ.

ನಡೆದದ್ದನ್ನು ಹೇಳಿ, ತಮಾಷೆ ನೋಡು ಎಂದು ಆ ಡಮ್ಮಿಯನ್ನು ಕೇಳಿಸಿದೆ. ನನ್ನ ಒಡಕು ಗಂಟಲಿನಲ್ಲಿ ಬೀಗ ಹಾಕಿದಿರಾ ಎಂದಿತು. ಅವಳು ನಗುತ್ತಲೇ ಇದ್ದಳು. ಹಾಲು ಮುಚ್ಚಿದಿರಾ ಎಂದಿತು. ಎದ್ದು ಸೀದಾ ಅಡುಗೆಮನೆಗೆ ಹೋದಳು. ತಟ್ಟೆ ಮುಚ್ಚಿದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಈಚೆಗೆ ಬರಲಿಲ್ಲ.

ಹೋಗಿ ನೋಡಿದರೆ ಕಟ್ಟೆ ಹಿಡಿದು ನಿಂತಿದ್ದಾಳೆ.

"ಅಪ್ಪಾಜಿ, ಇದು ಅಮ್ಮ."

"ಯಾವುದು?"

"ಗೊತ್ತಿಲ್ವಾ ನಿಮ್ಗೆ? ಎಲ್ಲಿಗೆ ಹೊರಟ್ರೂ ಸೌತ್ ಎಂಡ್ ಸರ್ಕಲ್ ದಾಟಿದ ಮೇಲೆ ಅಮ್ಮ ಕೇಳೋದು, ಬೀಗ ಹಾಕಿದಿರಾ ಅಂತ. ನೀವು ಇಲ್ಲ ಅನ್ಸುತ್ತೆ ಅನ್ನೋದು. ಆಟೋ ವಾಪಸ್. ನನ್ನ ಮದುವೆ ದಿನಾನೂ ವಾಪಸ್ ಬಂದಿದ್ವಿ!"

"ಅದು ಸುಮ್ಮನೆ ಅಳತೆಗೆ ಅಂತ…"

"ಅಪ್ಪಾಜಿ," ಎಂದಳು, ಶಾಲೆಯಲ್ಲಿ ದಡ್ಡ ಹುಡುಗರಿಗೆ ಹೇಳುವ ಹಾಗೆ, "ನಿಮ್ಮ ಅಷ್ಟೂ ಹಾಡಲ್ಲಿ ನಾನು ಅತ್ತಿದ್ದು ಇದಕ್ಕೊಂದಕ್ಕೇ. ನೀವದನ್ನ ಬಿಸಾಕ್ತೀನಿ ಅಂತಿದೀರಾ."

ನನ್ನ ಹಾಡುಗಳ ಬಗ್ಗೆ ಮಗಳು ಇಷ್ಟು ಬಿಚ್ಚಿ ಮಾತಾಡಿದ್ದು ಇದೇ ಮೊದಲು. ಕೋಪ ಬರಬೇಕಿತ್ತು. ಅವಳು ಹೋದ ಮೇಲೆ ರೇವಂತನಿಗೆ ಫೋನ್ ಮಾಡಿ, ಆಗಲಿ, ಅದೇ ಇರಲಿ ಎಂದೆ.

"ಸೂಪರ್ ಸಾರ್! ಟೈಟಲಲ್ಲಿ ನಿಮ್ಮ ಹೆಸರು ದೊಡ್ಡದಾಗಿ."

"ಹೆಸರಿನ ಮಾತು ಆಮೇಲೆ," ಎಂದೆ.

ಜುಲೈ 6, ಶನಿವಾರ

ಜೆಪಿ ನಗರದಲ್ಲಿ ಒಂದು ಮನೆಯ ನೆಲಮಾಳಿಗೆಯನ್ನೇ ಸ್ಟುಡಿಯೋ ಮಾಡಿದ್ದಾರೆ. ನಮ್ಮ ಕಾಲದಲ್ಲಿ ನಲವತ್ತು ಪಿಟೀಲು ಒಟ್ಟಿಗೆ ಉಸಿರೆಳೆಯುತ್ತಿದ್ದವು. ಇಲ್ಲಿ ಒಂದು ಕಂಪ್ಯೂಟರು, ಒಂದು ಗಾಜಿನ ಕೋಣೆ, ಗಾಜಿನ ಆಚೆ ಇಂಚರ ಎಂಬ ಹುಡುಗಿ. ಒಳ್ಳೆಯ ಕಂಠ. ಎರಡು ಸಲ ಹಾಡಿ ಕಿವಿಯದನ್ನು ತೆಗೆದು ಈಚೆ ಬಂದಳು.

"ಸಾರ್, 'ನೆನಪಾಯಿತಾ' ಅನ್ನೋದು ಹೇಗೆ? ಕೋಪದಲ್ಲಾ? ಅಥವಾ ನಗ್ತಾನಾ?"

"ಹಾಡಮ್ಮ ನಿನಗೆ ತೋಚಿದ ಹಾಗೆ."

"ತೋಚ್ತಿಲ್ಲ ಸಾರ್, ಅದಕ್ಕೇ ಕೇಳ್ತಿರೋದು. ಯಾರೋ ನಿಜವಾಗ್ಲೂ ಅಂದಿರೋ ಮಾತು ಇದು. ಅವರು ಹೇಗಂತಿದ್ರು?"

ರೇವಂತ್ ಅವಳಿಗೆ ಕಣ್ಸನ್ನೆ ಮಾಡಿದ, ಬೇಡ ಎಂದು. ಕೋಪವೇ? ಅಲ್ಲ. ನಗುವೇ? ಅದೂ ಅಲ್ಲ. ಆಟೋದಲ್ಲಿ ಸೆರಗು ಹಿಡಿದುಕೊಂಡು, ಮುಖ ಆ ಕಡೆ ತಿರುಗಿಸಿ, ಕೊನೆಯ ಅಕ್ಷರವನ್ನು ಮೇಲಕ್ಕೆತ್ತದೆ ಕೆಳಗಿಡುತ್ತಿದ್ದಳು, ತುಂಬಿದ ಕೊಡ ಇಳಿಸಿದ ಹಾಗೆ. ಪ್ರಶ್ನೆಯೇ ಅಲ್ಲ ಅದು. ಅವಳಿಗೆ ಉತ್ತರ ಗೊತ್ತಿರುತ್ತಿತ್ತು.

"ಹೀಗೆ," ಎಂದು ಅಂದು ತೋರಿಸಿದೆ.

ನನ್ನ ಬಾಯಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ. ಇಂಚರ ಒಳಗೆ ಹೋಗಿ ಒಂದೇ ಸಲಕ್ಕೆ ಹಾಡಿದಳು.

ಹೊರಡುವಾಗ ರೇವಂತ್ ತಲೆ ಕೆರೆದುಕೊಂಡ. "ಪಲ್ಲವಿ, ಮೊದಲನೇ ಚರಣ ಆಯ್ತು ಸಾರ್. ಎರಡನೇ ಚರಣ ಬೇಕಲ್ಲ. ಡಮ್ಮಿಲಿ ಅಷ್ಟೇ ಇತ್ತು. ಇದೇ ಥರ ನಾಲ್ಕು ಲೈನ್, ನಿಮ್ಗೇನ್ ಸಾರ್ ಕಷ್ಟ. ಮತ್ತೆ ಟೈಟಲಲ್ಲಿ ಹೆಸರು?"

"ಎರಡನೇ ಚರಣ ಯಾರು ಕೊಡ್ತಾರೋ ಅವರದ್ದು," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹೇಳುವಾಗ ನನಗೂ ಪೂರ್ತಿ ಆಗಿರಲಿಲ್ಲ.

ಜುಲೈ 7

ಇದೇ ಥರ ನಾಲ್ಕು ಲೈನ್ ಅಂತೆ ಕಣೇ, ಬಸವಲಿಂಗ. ನೀನಾದರೆ ಒಗ್ಗರಣೆ ಹಾಕುತ್ತಾ ಹತ್ತು ಅನ್ನುತ್ತಿದ್ದೆ.

ಜುಲೈ 12

ಬರೆದೆ, ಹರಿದೆ. "ಔಷಧಿ ತಗೊಂಡಿರಾ, ಸ್ವೆಟರು ಹಾಕಿದಿರಾ." ನೀನು ಹೀಗೆ ಅಂದವಳೇ ಅಲ್ಲ. ಮಾತ್ರೆಯನ್ನೂ ನೀರನ್ನೂ ತಂದು ಸುಮ್ಮನೆ ಮುಂದಿಟ್ಟು ನಿಲ್ಲುತ್ತಿದ್ದೆ. ಇದು ನಾನು ನಿನ್ನ ಸೀರೆ ಉಟ್ಟು ಕುಣಿದ ಹಾಗಿದೆ. ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ. ಸಿನಿಮಾ ನೋಡುವವರು ಚೆನ್ನಾಗಿದೆ ಎಂದೇ ಅನ್ನುತ್ತಾರೆ. ಶಿಲ್ಪಶ್ರೀಗೆ ಗೊತ್ತಾಗುತ್ತದೆ. ಅಡುಗೆಮನೆಗೆ ಎದ್ದು ಹೋಗುವುದಿಲ್ಲ.

ಮೀಟರ್ ಓದುವವನು ಬಂದಿದ್ದ. "ಊರಲ್ಲಿ ಇರ್ಲಿಲ್ವಾ ಸಾರ್? ಮೀಟರ್ ಓಡೇ ಇಲ್ಲ." ಇದ್ದೆನಪ್ಪ, ಎಲ್ಲಿ ಹೋಗಲಿ ಎಂದೆ. ಅನುಮಾನದಿಂದ ನೋಡಿದ.

ಜುಲೈ 16

ಸಂಜೀವಯ್ಯನಿಗೆ ಹಾಡಿನ ಸುದ್ದಿ ಸಿಕ್ಕಿಬಿಟ್ಟಿದೆ. ಬೆಳಿಗ್ಗೆ ಪಾರ್ಕಿನಲ್ಲಿ ದಾರಿ ಅಡ್ಡಗಟ್ಟಿದ.

"ಏನೋ ಇದು, ಹಾಲು ಬೀಗ ಅಂತ? ಮುಗಿಲ ಕವಿ ಅಂತ ಬೋರ್ಡ್ ಹಾಕ್ಸಿದೀನಿ ನಾನು!"

"ಬೋರ್ಡ್ ಬಿಚ್ಚಿಸು."

"ಮರ್ಯಾದೆ ಪ್ರಶ್ನೆ ಗುರುಶಾಂತ. ಜನ ನಗ್ತಾರೆ."

"ನಗಲಿ. ಮುಗಿಲು ಗಿಗಿಲು ಎಲ್ಲ ನಾನು ಮೇಲಿಂದ ಬಳಿದ ಸುಣ್ಣ ಕಣೋ. ಗೋಡೆ ಬೇರೆಯವರದು."

"ನಿನಗೆ ಹುಷಾರಿಲ್ಲ," ಎಂದ. ಆದರೆ ಸಂಜೆ ಬಿಸಿಬಿಸಿ ಪಡ್ಡು ಕಟ್ಟಿಸಿಕೊಂಡು ಬಂದ. ಹಾಡಿನ ಮಾತೆತ್ತಲಿಲ್ಲ. ಒಳ್ಳೆಯ ಸ್ನೇಹಿತ.

ರೇವಂತ್ ಭಾನುವಾರವೇ ಕೊನೆ ಎಂದಿದ್ದಾನೆ. ಆಗದಿದ್ದರೆ ಎರಡನೇ ಚರಣಕ್ಕೆ ಬೇರೆಯವರನ್ನು ನೋಡುತ್ತಾರಂತೆ. ಯಾರೋ ಗೊತ್ತಿಲ್ಲದವರು ನಿನ್ನ ಬಾಯಿಗೆ ಮಾತು ತುರುಕುತ್ತಾರೆ. ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ.

ಜುಲೈ 21, ಭಾನುವಾರ

ಮಧ್ಯಾಹ್ನದಿಂದ ಇಲ್ಲೇ ಕೂತಿದ್ದೇನೆ, ಕಿಟಕಿಯ ಹತ್ತಿರ, ಹಳೆಯ ಜಾಗದಲ್ಲಿ. ರೇವಂತ್ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಟ್ಯೂನ್ ಎಷ್ಟು ಸಲ ಹಾಕಿದೆನೋ. ಚರಣದ ಜಾಗ ಬಂದಾಗ ಖಾಲಿ ತಂತಿಯ ಸದ್ದು, ಆಮೇಲೆ ಮತ್ತೆ ಪಲ್ಲವಿ. ಆ ಖಾಲಿಯಲ್ಲಿ ನೀನು ಏನಾದರೂ ಅನ್ನುತ್ತೀಯ ಎಂದು ಕಾಯುತ್ತಾ ಕೂತೆ. ನೆಸೆಸಿಟಿ ಈಸ್ ದ ಮದರ್ ಆಫ್… ಮುಂದಿನದು ಹಾರಿಹೋಗಿದೆ. ಏನೋ ಒಂದರ ತಾಯಿ.

ನೆನಪು ಮಾಡಿಕೊಳ್ಳುವುದನ್ನು ಬಿಟ್ಟೆ. ಬಲವಂತದಿಂದ ಬರುವವಳಲ್ಲ ನೀನು. ಸುಮ್ಮನೆ ಇದನ್ನು ಬರೆಯುತ್ತಿದ್ದೇನೆ. ಎದುರುಮನೆಯ ಹೊಂಗೆ ಮರದಲ್ಲಿ ಕಾಗೆಗಳು ಗಲಾಟೆ ಮಾಡಿ ಈಗಷ್ಟೇ ಅಡಗಿದವು. ಶಾಂತಾದೇವಿಯ ಮನೆಯ ಕುಕ್ಕರ್ ಕೂಗಿತು. ಬರದಿದ್ದರೆ ಇಲ್ಲ. ಎರಡನೇ ಚರಣ ಬೇಡ, ಪಲ್ಲವಿಯನ್ನೇ ಮತ್ತೆ ಹಾಡಿಸಿ ಎಂದು ಹೇಳುತ್ತೇನೆ. ಅರ್ಧ ಹಾಡೂ ಹಾಡೇ.

ಈ ಸಾಲು ಮೇಲಿನ ಸಾಲಿನ ಮೇಲೆ ಹತ್ತಿದೆ ಎಂದು ಕಾಣುತ್ತದೆ. ಕನ್ನಡಕ ಒರೆಸಿದೆ. ಕನ್ನಡಕದ್ದಲ್ಲ, ಬೆಳಕು ಹೋಗುತ್ತಿದೆ. ಹಾಳೆ ಬೂದಿ ಬಣ್ಣವಾಗಿದೆ. ಎಷ್ಟು ಹೊತ್ತಾಯಿತೋ, ಯಾರೂ ಹೇಳಲೇ ಇಲ್ಲ

ಕತ್ತಲಲ್ಲಿ ಕೂತು ಏನು ಬರೆಯುತೀರಿ
ದೀಪ ಹಾಕಬಾರದಾ

ಅಳತೆ ನೋಡಲಿಲ್ಲ. ನೋಡಬೇಕಾಗಿಲ್ಲ. ದಿನಾ ಇದೇ ಹೊತ್ತಿಗೆ, ಇದೇ ಬಾಗಿಲಲ್ಲಿ, ಕೊನೆಯ ಅಕ್ಷರವನ್ನು ಕೆಳಗಿಡುತ್ತಾ. ನಾನು ತಲೆಯೆತ್ತದೆ ಒಂದು ಉತ್ತರ ಕೊಡುತ್ತಿದ್ದೆ, ಆದರೂ ಏಳುತ್ತಿರಲಿಲ್ಲ. ನೀನೇ ಬಂದು ಸ್ವಿಚ್ಚು ಒತ್ತುತ್ತಿದ್ದೆ.

ರೇವಂತನಿಗೆ ಹೆಸರು ಬರೆದು ಕಳಿಸಬೇಕು, ಕಾಗುಣಿತ ತಪ್ಪದ ಹಾಗೆ. ಬಸವಲಿಂಗಮ್ಮ.

ಅಕ್ಷರ ಇನ್ನು ಕಾಣುತ್ತಿಲ್ಲ. ಸ್ವಿಚ್ಚು ಬಾಗಿಲ ಪಕ್ಕ, ನಾಲ್ಕು ಹೆಜ್ಜೆ.

ಹಾಕ್ತೀನಿ ತಡಿ.